ಹಳೆಯ ಸೆಡಾನ್ ಕೊಳ್ಳುವ ಮೊದಲು ಕಾರಿನ ತಳ ನೋಡಿ

ಭಟ್ಕಳ, ಹೊನ್ನಾವರ, ಕುಮಟಾ ಸೀಮೆಯಲ್ಲಿ ಹಳೆಯ ಕಾರಿನ ವ್ಯಾಪಾರ ಶುರುವಾಗುವುದೇ ಮೂರು ಮಾತುಗಳಿಂದ: ಸಿಂಗಲ್ ಓನರ್, ಜಾಸ್ತಿ ಓಡಿಲ್ಲ, ಎಂಜಿನ್ ಬಿಚ್ಚಿಲ್ಲ. ಮೂರೂ ಮಾತು ನಿಜವಿದ್ದರೂ ಆ ಕಾರು ಕೊಳ್ಳಲು ಯೋಗ್ಯವಲ್ಲದೆ ಇರಬಹುದು. ಹುಬ್ಬಳ್ಳಿಯಲ್ಲೋ ತುಮಕೂರಿನಲ್ಲೋ ಕಾರಿನ ವಯಸ್ಸನ್ನು ಕಿಲೋಮೀಟರಿನಲ್ಲಿ ಲೆಕ್ಕ ಹಾಕಿದರೆ ನಡೆಯುತ್ತದೆ. ಸಮುದ್ರದಿಂದ ಕೂಗಳತೆಯಲ್ಲಿರುವ ಈ ಮೂರು ಊರುಗಳಲ್ಲಿ ಆ ಲೆಕ್ಕ ಮೋಸ ಮಾಡುತ್ತದೆ. ಇಲ್ಲಿ ಕೇಳಬೇಕಾದ ಪ್ರಶ್ನೆ, ಈ ಕಾರು ಎಷ್ಟು ಮಳೆಗಾಲವನ್ನು ಉಪ್ಪುಗಾಳಿಯಲ್ಲಿ ನಿಂತು ಕಳೆದಿದೆ ಎಂಬುದು. ಎಂಜಿನ್ ಕೆಟ್ಟರೆ ರಿಪೇರಿ ಉಂಟು, ಗೇರ್‌ಬಾಕ್ಸ್ ಹೋದರೆ ಇನ್ನೊಂದು ಸಿಗುತ್ತದೆ. ಬಾಡಿಯ ತಳವೇ ತುಕ್ಕು ತಿಂದು ಹೋದರೆ ಆ ಕಾರಿಗೆ ಹಾಕಿದ ಹಣ ಮರಳಿ ಬರುವುದಿಲ್ಲ. ಆದ್ದರಿಂದ ಕರಾವಳಿಯವರು ಹಳೆಯ ಸೆಡಾನ್ ಕೊಳ್ಳುವಾಗ ಮೊದಲು ಬಾಡಿ, ಆಮೇಲೆ ಎಂಜಿನ್, ಕೊನೆಗೆ ಮೀಟರ್ ಎಂಬ ಕ್ರಮ ಇಟ್ಟುಕೊಳ್ಳಬೇಕು ಎಂಬುದು ಈ ಲೇಖನದ ವಾದ.

ಎಸ್‌ಯುವಿಗಳ ಕಾಲದಲ್ಲಿ ಸೆಡಾನ್ ಯಾಕೆ ಎಂಬುದಕ್ಕೆ ಉತ್ತರ ನಮ್ಮ ರಸ್ತೆಗಳಲ್ಲೇ ಇದೆ. ಚತುಷ್ಪಥವಾಗಿ ಅಗಲಗೊಂಡ ರಾಷ್ಟ್ರೀಯ ಹೆದ್ದಾರಿ 66, ಗೇರುಸೊಪ್ಪೆ ದಾಟಿ ಮಾವಿನಗುಂಡಿಗೆ ಏರುವ ಘಟ್ಟ, ಕುಮಟಾದಿಂದ ಶಿರಸಿಗೆ ಹೋಗುವ ದೇವಿಮನೆ ಘಟ್ಟ, ಭಟ್ಕಳದಿಂದ ಕೋಗಾರದ ಕಾಡಿನೊಳಗೆ ಹಾಯುವ ದಾರಿ, ಇಷ್ಟೂ ಒಂದು ತಾಸಿನ ಆಸುಪಾಸಿನಲ್ಲಿವೆ. ನೆಲಕ್ಕೆ ಹತ್ತಿರ ಕೂರುವ ಸೆಡಾನ್ ತಿರುವಿನಲ್ಲಿ ಕಡಿಮೆ ವಾಲುತ್ತದೆ, ಹಿಂದಿನ ಸೀಟಿನಲ್ಲಿ ಕೂತ ಹಿರಿಯರಿಗೆ ಹೊಟ್ಟೆ ತೊಳಸುವುದು ಕಡಿಮೆ, ಡಿಕ್ಕಿಯಲ್ಲಿ ಮದುವೆ ಮನೆಗೆ ಹೊರಟ ಕುಟುಂಬದ ಸಾಮಾನೆಲ್ಲ ಹಿಡಿಯುತ್ತದೆ. ಮಾರುಕಟ್ಟೆಯ ಒಲವು ಎತ್ತರದ ಗಾಡಿಗಳ ಕಡೆ ಹೊರಳಿದ್ದರಿಂದ ಒಂದು ಕಾಲದಲ್ಲಿ ಎಂಟು ಹತ್ತು ಲಕ್ಷ ಬಾಳುತ್ತಿದ್ದ ಹೋಂಡಾ ಸಿಟಿ, ಮಾರುತಿ ಎಸ್‌ಎಕ್ಸ್‌4, ಹ್ಯುಂಡೈ ವರ್ನಾ, ಟೊಯೋಟಾ ಕೊರೊಲಾಗಳು ಈಗ ದೊಡ್ಡ ಬೈಕಿನ ಬೆಲೆಗೆ ಇಳಿದಿವೆ. ಓಡಿಸುವ ಸುಖಕ್ಕಾಗಿ ಕಾರು ಬೇಕೆನ್ನುವವರಿಗೆ ಇದು ಒಳ್ಳೆಯ ಕಾಲ. ಅಗ್ಗವಾಗಿ ಸಿಕ್ಕ ಕಾರು ದುಬಾರಿಯಾಗುವುದು ತಳದಿಂದ.

ಬರೀ ನೀರು ತಾಗಿದ ಕಬ್ಬಿಣ ಒಣಗಿದರೆ ತುಕ್ಕು ನಿಧಾನವಾಗುತ್ತದೆ. ಉಪ್ಪು ಕೂತ ಕಬ್ಬಿಣ ಒಣಗುವುದೇ ಇಲ್ಲ, ಏಕೆಂದರೆ ಉಪ್ಪು ಗಾಳಿಯಲ್ಲಿರುವ ತೇವವನ್ನು ತಾನೇ ಎಳೆದುಕೊಂಡು ಲೋಹದ ಮೇಲೆ ತೆಳುವಾದ ನೀರಿನ ಪದರವನ್ನು ಕಾಪಾಡುತ್ತದೆ. ಅದರಲ್ಲಿರುವ ಕ್ಲೋರೈಡ್ ಲೋಹದ ರಕ್ಷಣೆಯ ಪೊರೆಯನ್ನು ಒಡೆದು ಒಂದೇ ಚುಕ್ಕೆಯಲ್ಲಿ ಆಳಕ್ಕೆ ಕೊರೆಯುತ್ತದೆ. ಹೊನ್ನಾವರದಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ದಾಟಿ ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ ಒಳಗೆ. ಆ ನಾಲ್ಕು ತಿಂಗಳು ಬಟ್ಟೆ ಒಣಗದ ಮನೆಯಲ್ಲಿ ಕಾರಿನ ಬಾಗಿಲಿನ ಒಳಮಡಿಕೆ ಹೇಗೆ ಒಣಗೀತು? ಮಳೆ ಜೋರಾಗಿ ಬಿದ್ದಾಗ ಮೇಲಿನ ಉಪ್ಪು ತೊಳೆದುಹೋಗುತ್ತದೆ ನಿಜ. ಆದರೆ ಶೆಡ್ಡಿನಡಿ ನಿಂತ ಕಾರಿಗೆ ಆ ತೊಳೆತವೂ ಇಲ್ಲ, ಗಾಳಿಯ ಉಪ್ಪು ಮಾತ್ರ ತಪ್ಪುವುದಿಲ್ಲ. ಮಳೆನೀರು ಹೇಗೂ ಮುಟ್ಟದ ತಳಭಾಗ, ಚಕ್ರದ ಕಮಾನಿನ ಒಳಮೈ, ಬಾಗಿಲಿನ ಕೆಳಗಿನ ತೊಲೆ ಇವೇ ಮೊದಲು ಹೋಗುವುದು ಇದೇ ಕಾರಣಕ್ಕೆ.

ಇಲ್ಲಿಂದ ನೋಡಿದರೆ, ಈ ಭಾಗದಲ್ಲಿ ಎಲ್ಲಕ್ಕಿಂತ ಹೆಚ್ಚು ಬೇಡಿಕೆಯಿರುವ ಕಾರಿನ ಬಗ್ಗೆಯೇ ಮರುಯೋಚನೆ ಮಾಡಬೇಕಾಗುತ್ತದೆ. ಭಟ್ಕಳದಲ್ಲಿ, ಅದರ ಆಚೀಚೆಯ ಊರುಗಳಲ್ಲಿ ದುಬೈ, ಸೌದಿ, ಕತಾರ್‌ಗಳಲ್ಲಿ ದುಡಿಯುವವರ ಮನೆಗಳು ಬಹಳ. ರಜೆಗೆ ಬಂದಾಗ ಓಡಿಸಲೆಂದು ಕೊಂಡ ಕಾರು ವರ್ಷದ ಉಳಿದ ದಿನ ಪೋರ್ಟಿಕೋದಲ್ಲಿ ಕವರ್ ಹೊದ್ದು ನಿಂತಿರುತ್ತದೆ. ಹತ್ತು ವರ್ಷಕ್ಕೆ ಇಪ್ಪತ್ತೈದು ಮೂವತ್ತು ಸಾವಿರ ಕಿಲೋಮೀಟರ್, ಪೇಂಟಿನ ಹೊಳಪು ಹಾಗೆಯೇ, ಸೀಟಿಗೆ ಸವಕಳಿ ಇಲ್ಲ. ಸಿಕ್ಕರೆ ಇಂಥ ಕಾರೇ ಸಿಗಲಿ ಎಂದು ಕೊಳ್ಳುವವರು ಹಾರೈಸುತ್ತಾರೆ. ನಿಂತ ಕಾರಿನಲ್ಲಿ ಏನಾಗಿರುತ್ತದೆ ಎಂದು ಒಂದೊಂದಾಗಿ ನೋಡಿ. ಬ್ರೇಕಿನ ಎಣ್ಣೆ ತೇವ ಹೀರಿ ವೀಲ್ ಸಿಲಿಂಡರ್ ಒಳಗೆ ತುಕ್ಕು ಹಿಡಿಸಿರುತ್ತದೆ, ಹ್ಯಾಂಡ್‌ಬ್ರೇಕಿನ ಕೇಬಲ್ ಕಚ್ಚಿಕೊಂಡಿರುತ್ತದೆ. ಟಯರಿನ ಹೂವು ತುಂಬ ಇದ್ದರೂ ರಬ್ಬರ್ ಗಟ್ಟಿಯಾಗಿ ಒದ್ದೆ ರಸ್ತೆಯಲ್ಲಿ ಹಿಡಿತ ಬಿಡುತ್ತದೆ. ಎಸಿಯ ಅಲ್ಯೂಮಿನಿಯಂ ರೆಕ್ಕೆಗಳು ಪುಡಿಯಾಗಿರುತ್ತವೆ. ಬಾನೆಟ್ಟಿನೊಳಗೆ ಗೂಡು ಕಟ್ಟಿದ ಇಲಿ ವಯರು ಕಡಿದಿರುತ್ತದೆ. ಎಲ್ಲಕ್ಕಿಂತ ದೊಡ್ಡದು ಆ ಕವರಿನ ಕೆಲಸ: ಗಾಳಿಯಾಡದ ಪ್ಲಾಸ್ಟಿಕ್ ಹೊದಿಕೆ ನೆಲದಿಂದ ಏಳುವ ಆವಿಯನ್ನು ಕಾರಿನ ಮೈಗೆ ಅಂಟಿಸಿ ಹಿಡಿದಿರುತ್ತದೆ. ಇಂಥ ಕಾರನ್ನು ಕೊಳ್ಳಲೇಬಾರದು ಎಂದಲ್ಲ. ಮನೆಯಲ್ಲಿದ್ದವರು ವಾರಕ್ಕೊಮ್ಮೆ ಸರಿಯಾಗಿ ಓಡಿಸಿದ್ದರೆ, ಸರ್ವಿಸ್ ಪುಸ್ತಕ ಪ್ರತಿವರ್ಷ ತುಂಬಿದ್ದರೆ ಅದು ನಿಜಕ್ಕೂ ಅಪರೂಪದ ಕಾರು. ಕಡಿಮೆ ಓಡಿದ ಒಂದೇ ಕಾರಣಕ್ಕೆ ಹೆಚ್ಚು ಹಣ ಕೊಡಬೇಡಿ ಎಂಬುದಷ್ಟೇ ಮಾತು.

ಹಾಗಾದರೆ ಎಲ್ಲಿ ಹುಡುಕಬೇಕು? ಹತ್ತಿರದ ದೊಡ್ಡ ಮಾರುಕಟ್ಟೆಗಳೆಂದರೆ ಉಡುಪಿ, ಮಂಗಳೂರು, ಆ ಕಡೆ ಗೋವಾ. ಮೂರೂ ಇದೇ ಸಮುದ್ರದ ದಂಡೆಯವು. ಘಟ್ಟದ ಮೇಲೆ ಹೋಗಿ ನೋಡುವುದು ಜಾಣತನ. ಶಿರಸಿ, ಸಾಗರ, ಶಿವಮೊಗ್ಗ, ಅಲ್ಲಿಂದಾಚೆ ಹುಬ್ಬಳ್ಳಿ, ದಾವಣಗೆರೆಗಳಲ್ಲಿ ಬಾಳಿದ ಕಾರಿನ ತಳವನ್ನು ಕರಾವಳಿಯ ಅದೇ ವರ್ಷದ, ಅದೇ ಮಾದರಿಯ ಕಾರಿನ ತಳದ ಜೊತೆ ಇಟ್ಟು ನೋಡಿದರೆ ವ್ಯತ್ಯಾಸ ಬರಿಗಣ್ಣಿಗೆ ಕಾಣುತ್ತದೆ. ಶಿರಸಿಯಲ್ಲೂ ಮಳೆ ಸುರಿಯುವುದಿಲ್ಲವೇ ಎಂದು ಕೇಳಬಹುದು. ಸುರಿಯುತ್ತದೆ, ಆದರೆ ಅಲ್ಲಿನ ಗಾಳಿಗೆ ಉಪ್ಪಿಲ್ಲ. ಮಲೆನಾಡಿನ ಕಾರಿಗೆ ಕೆಸರು ಅಂಟಿಕೊಂಡು ತುಕ್ಕು ಬರುವುದುಂಟು, ಅದು ಮೇಲಿನಿಂದ ಕೆರೆಯುವ ತುಕ್ಕೇ ಹೊರತು ಒಳಗಿನಿಂದ ಕೊರೆಯುವಂಥದ್ದು ಕಡಿಮೆ. ಘಟ್ಟ ಹತ್ತಿ ಇಳಿದ ಕಾರಿಗೆ ಕ್ಲಚ್, ಬ್ರೇಕ್, ಸಸ್ಪೆನ್ಷನ್ ಸವೆದಿರುತ್ತವೆ ಎಂಬ ಇನ್ನೊಂದು ಆಕ್ಷೇಪವೂ ಸರಿಯೇ. ಆದರೆ ಅವೆಲ್ಲ ಬೋಲ್ಟು ಬಿಚ್ಚಿ ಹೊಸದು ಹಾಕುವ ಸಾಮಾನುಗಳು, ಅವಕ್ಕೊಂದು ರೇಟು ಇದೆ. ತೂತಾದ ತೊಲೆಗೆ ಅಂಥ ರೇಟಿಲ್ಲ. ಒಂದು ಎಚ್ಚರಿಕೆ: ನಂಬರ್ ಪ್ಲೇಟ್ ನೋಡಿ ಊರು ತೀರ್ಮಾನಿಸಬೇಡಿ. ಕೆಎ 47 ಎಂದರೆ ಹೊನ್ನಾವರದಲ್ಲಿ ನೋಂದಾಯಿಸಿದ ಗಾಡಿ ಅಷ್ಟೇ, ಅದು ಬೆಂಗಳೂರಿನಲ್ಲೇ ಹತ್ತು ವರ್ಷ ಓಡಿರಬಹುದು. ಶಿರಸಿಯ ಕೆಎ 31 ಗಾಡಿ ಕುಮಟಾದ ಕಡಲತೀರದಲ್ಲಿ ಬಾಳಿರಬಹುದು. ಕಾರು ಎಲ್ಲಿ ಬಾಳಿತ್ತು ಎಂಬುದನ್ನು ಸರ್ವಿಸ್ ಬಿಲ್ಲುಗಳ ಮೇಲಿನ ಊರಿನ ಹೆಸರು ಹೇಳುತ್ತದೆ.

ಕಾರು ನೋಡಲು ಹೋಗುವಾಗ ಒಂದು ಟಾರ್ಚು, ತೆಳುಬಟ್ಟೆ ಸುತ್ತಿದ ಚಿಕ್ಕ ಅಯಸ್ಕಾಂತ, ಹಳೆಯ ಸ್ಕ್ರೂಡ್ರೈವರ್ ಜೊತೆಗಿರಲಿ. ಮೊದಲು ಡಿಕ್ಕಿ ತೆರೆದು ಹಾಸು ಎತ್ತಿ, ಸ್ಟೆಪ್ನಿ ಹೊರಗೆ ತೆಗೆಯಿರಿ. ಸ್ಟೆಪ್ನಿ ಕೂರುವ ಗುಂಡಿಯ ತಳ ಕಾರಿನ ಅತಿ ತಗ್ಗಿನ ಜಾಗಗಳಲ್ಲೊಂದು. ಹಿಂದಿನ ಲೈಟಿನ ರಬ್ಬರ್ ಸಡಿಲವಾಗಿ ಸೋರಿದ ನೀರೆಲ್ಲ ಅಲ್ಲೇ ನಿಲ್ಲುತ್ತದೆ. ನೀರು ಒಣಗಿದ ಕಂದು ಗೆರೆ, ಎದ್ದು ಬಂದ ಪೇಂಟಿನ ಹಪ್ಪಳೆ, ಬೆರಳಿಗೆ ಅಂಟುವ ಕೆಂಪು ಪುಡಿ ಕಂಡರೆ ಉಳಿದ ಕಡೆಗೂ ಹೀಗೇ ಇದೆ ಎಂದು ಎಣಿಸಿ ಮುಂದುವರಿಯಿರಿ. ನಂತರ ಒಂದೊಂದೇ ಬಾಗಿಲು ತೆರೆದು ಅದರ ಕೆಳಅಂಚಿನ ಅಡಿ ಕೈಯಾಡಿಸಿ. ಗಾಜಿನ ಪಕ್ಕದಿಂದ ಇಳಿದ ನೀರು ಹೊರಗೆ ಹೋಗಲೆಂದು ಅಲ್ಲಿ ಸಣ್ಣ ಸಣ್ಣ ಕಂಡಿಗಳಿರುತ್ತವೆ. ಮಣ್ಣು ಕೂತೋ, ಪೇಂಟ್ ಮಾಡಿದವರು ಬಳಿದ ಪುಟ್ಟಿಯಿಂದಲೋ ಅವು ಮುಚ್ಚಿದ್ದರೆ ಬಾಗಿಲಿನ ಹೊಟ್ಟೆಯೊಳಗೆ ನೀರು ನಿಂತು, ಒಳಗಿನಿಂದ ತುಕ್ಕು ಶುರುವಾಗಿ, ಹೊರಗಿನ ಪೇಂಟಿನಡಿ ಸಾಸಿವೆ ಕಾಳಿನಂಥ ಗುಳ್ಳೆಗಳು ಏಳುತ್ತವೆ. ಆ ಗುಳ್ಳೆ ಕಾಣಿಸಿಕೊಳ್ಳುವ ಹೊತ್ತಿಗೆ ತಗಡು ಹಿಂದಿನಿಂದ ಬಹುತೇಕ ತೂತಾಗಿರುತ್ತದೆ. ಚಕ್ರದ ಕಮಾನಿನ ಅಂಚಿಗೆ, ಬಾಗಿಲಿನ ಕೆಳಗಿನ ತೊಲೆಗೆ ಅಯಸ್ಕಾಂತ ಇಡಿ. ಒಂದು ಕಡೆ ಗಟ್ಟಿಯಾಗಿ ಹಿಡಿದು ಇನ್ನೊಂದು ಕಡೆ ಜಾರಿದರೆ ಅಲ್ಲಿ ತಗಡಿನ ಬದಲು ಪುಟ್ಟಿ ತುಂಬಿದೆ. ಬಾನೆಟ್ ಎತ್ತಿ, ಮುಂದಿನ ಸಸ್ಪೆನ್ಷನ್ ಬಂದು ಕೂರುವ ಎರಡೂ ಬದಿಯ ಗುಬುಟುಗಳನ್ನು, ಬ್ಯಾಟರಿ ಕೂರುವ ತಟ್ಟೆಯ ಅಡಿಯನ್ನು ನೋಡಿ. ಸಸ್ಪೆನ್ಷನ್ ಕೂರುವ ಜಾಗದಲ್ಲಿ ತುಕ್ಕು ಹೊಕ್ಕ ಕಾರನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬಿಟ್ಟು ಬನ್ನಿ, ಇದರಲ್ಲಿ ರಾಜಿ ಬೇಡ. ಕೊನೆಗೆ ಗ್ಯಾರೇಜಿನ ಲಿಫ್ಟಿಗೆ ಏರಿಸಿ ತಳ ನೋಡಲೇಬೇಕು. ತಳಕ್ಕೆ ಈಚೆಗಷ್ಟೇ ಕಪ್ಪು ಕೋಟಿಂಗ್ ಬಳಿದಿದ್ದರೆ ಖುಷಿಪಡುವ ಬದಲು ಅನುಮಾನಿಸಿ, ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ಕುಟ್ಟಿ ನೋಡಿ. ಗಟ್ಟಿ ತಗಡು ಗಣಗಣ ಎನ್ನುತ್ತದೆ, ಸತ್ತ ತಗಡಿನದು ಮಂಕು ಸದ್ದು. ಬ್ರೇಕಿನ ಉಕ್ಕಿನ ಪೈಪುಗಳ ಮೇಲೆ ಹಪ್ಪಳೆ ಎದ್ದಿದ್ದರೆ ಅವನ್ನು ಬದಲಿಸುವ ಖರ್ಚನ್ನು ಬೆಲೆಯಿಂದ ಕಳೆಯಿರಿ.

ಇದರ ಜೊತೆಗೇ ನೋಡಬೇಕಾದ್ದು ನೆರೆಯ ಗುರುತು. 2022ರ ಆಗಸ್ಟ್ ಮೊದಲ ವಾರ ಭಟ್ಕಳ ಪೇಟೆಗೇ ನೀರು ನುಗ್ಗಿತ್ತು. 2018ರಲ್ಲಿ ಕೇರಳ, 2015ರಲ್ಲಿ ಚೆನ್ನೈ ಮುಳುಗಿದ್ದವು. ಮುಳುಗಿದ ಕಾರುಗಳು ತೊಳೆಸಿಕೊಂಡು ಎಲ್ಲೆಲ್ಲೋ ಮಾರಾಟವಾಗುತ್ತವೆ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ. ಸುರುಳಿಯ ಒಳಗೇ ಉಳಿಯುವ ಆ ತುದಿಯನ್ನು ತೊಳೆಯುವುದು ಯಾರಿಗೂ ನೆನಪಾಗುವುದಿಲ್ಲ, ಕೆಸರಿನ ಗೆರೆ ಅಲ್ಲಿ ಹಾಗೇ ಇರುತ್ತದೆ. ಸೀಟಿನ ಹಳಿಗಳ ಬೋಲ್ಟಿಗೆ ತುಕ್ಕು, ಫ್ಯೂಸ್ ಪೆಟ್ಟಿಗೆಯ ತಾಮ್ರದ ಮೇಲೆ ಹಸಿರು ಪುಡಿ ಇವೂ ಅದೇ ಕತೆ ಹೇಳುತ್ತವೆ.

ಬಾಡಿ ಪಾಸಾದ ಮೇಲೆ ಎಂಜಿನ್. ಇದನ್ನು ನಂಬಿಕೆಯ ಮೆಕ್ಯಾನಿಕ್‌ಗೆ ಬಿಡಬಹುದು, ಆದರೆ ಘಟ್ಟ ಹತ್ತಿಸಿ ನೋಡುವ ಕೆಲಸ ನಿಮ್ಮದು. ಎಂಜಿನ್ ಪೂರ್ತಿ ತಣ್ಣಗಿರುವಾಗ ಮೊದಲ ಸ್ಟಾರ್ಟ್ ನಿಮ್ಮೆದುರಿಗೇ ಆಗಲಿ. ನೀಲಿ ಹೊಗೆ ಬಂದರೆ ಎಣ್ಣೆ ಸುಡುತ್ತಿದೆ. ಬಿಳಿಹೊಗೆ ನಿಲ್ಲದೇ ಬಂದು ಕೂಲೆಂಟ್ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಬಗ್ಗೆ ಯೋಚಿಸಬೇಕು. ಎಸಿ ಹಾಕಿಕೊಂಡೇ ಗೇರುಸೊಪ್ಪೆಯಿಂದ ಮೇಲೇರಿ. ಉಷ್ಣಾಂಶದ ಮುಳ್ಳು ಕದಲದಿದ್ದರೆ, ಮೂರನೆಯ ಗೇರಿನಲ್ಲಿ ಒತ್ತಿದಾಗ ಎಂಜಿನಿನ ಸದ್ದು ಏರಿ ವೇಗ ಏರದೆ ಉಳಿಯುವ ಕ್ಲಚ್ ಜಾರಿಕೆ ಇಲ್ಲದಿದ್ದರೆ ಅರ್ಧ ಪರೀಕ್ಷೆ ಮುಗಿಯಿತು. ಇಳಿಯುವಾಗ ಬ್ರೇಕ್ ಒತ್ತಿದರೆ ಸ್ಟೇರಿಂಗ್ ನಡುಗುತ್ತದೆಯೇ, ಕಾರು ಒಂದು ಬದಿಗೆ ಎಳೆಯುತ್ತದೆಯೇ ಗಮನಿಸಿ. ಟಯರಿನ ಮೇಲಿನ ನಾಲ್ಕು ಅಂಕಿ ಓದಿ: 3519 ಎಂದಿದ್ದರೆ 2019ರ ಮೂವತ್ತೈದನೆಯ ವಾರದಲ್ಲಿ ಮಾಡಿದ್ದು. ಹೂವು ಎಷ್ಟಿದ್ದರೂ ಅಷ್ಟು ಹಳೆಯ ಟಯರ್ ನಮ್ಮ ಮಳೆಗೆ ಆಗದು. ಸಾಧ್ಯವಾದರೆ ಕಾರು ನೋಡುವುದನ್ನು ಜುಲೈ, ಆಗಸ್ಟ್‌ಗೆ ಇಟ್ಟುಕೊಳ್ಳಿ. ಬೇಸಿಗೆಯಲ್ಲಿ ಹಾಸಿನಡಿಯ ಒದ್ದೆ ಕಾಣುವುದಿಲ್ಲ, ಬೂಸಲು ವಾಸನೆ ಸುಗಂಧದ ಡಬ್ಬಿಯ ಹಿಂದೆ ಅಡಗುತ್ತದೆ.

ಯಾವ ಮಾದರಿ ಎಂಬುದರಲ್ಲಿ ಅಭಿರುಚಿಗೆ ಜಾಗ ಇದೆ, ಆದರೂ ಒಂದು ಗಡಿಯನ್ನು ನೆನಪಿಡಬೇಕು: 1500 ಸಿಸಿ. ಖಾಸಗಿ ಕಾರಿನ ಥರ್ಡ್ ಪಾರ್ಟಿ ವಿಮೆಗೆ 2022ರ ಜೂನ್‌ನಿಂದ ಜಾರಿಗೆ ಬಂದ ದರಪಟ್ಟಿಯಲ್ಲಿ 1000ದಿಂದ 1500 ಸಿಸಿವರೆಗೆ 3,416 ರೂಪಾಯಿ, 1500 ದಾಟಿದರೆ 7,897 ರೂಪಾಯಿ, ತೆರಿಗೆ ಬೇರೆ. 1497 ಸಿಸಿಯ ಹೋಂಡಾ ಸಿಟಿ, 1496 ಸಿಸಿಯ ಟೊಯೋಟಾ ಇಟಿಯೋಸ್, 1298 ಸಿಸಿಯ ಮಾರುತಿ ಎಸ್ಟೀಮ್ ಗಡಿಯ ಈಚೆಗೆ. 1586 ಸಿಸಿಯ ಎಸ್‌ಎಕ್ಸ್‌4, 1.6 ಲೀಟರಿನ ವರ್ನಾ, 1.8 ಲೀಟರಿನ ಕೊರೊಲಾ ಆಚೆಗೆ. ವರ್ಷಕ್ಕೆ ನಾಲ್ಕೂವರೆ ಸಾವಿರದ ಈ ಅಂತರ ದೊಡ್ಡದಲ್ಲ, ಆದರೆ ಐದು ವರ್ಷಕ್ಕೆ ಒಂದು ಜೊತೆ ಟಯರಿನ ಹಣಕ್ಕಿಂತ ಹೆಚ್ಚಾಗುತ್ತದೆ. ಓಡಿಸುವ ಸುಖವೇ ಮುಖ್ಯವಾದರೆ 2008ರ ಕೊನೆಯಲ್ಲಿ ಬಂದ ಮೂರನೆಯ ತಲೆಮಾರಿನ ಸಿಟಿ ಪೆಟ್ರೋಲ್ ಮೊದಲ ಆಯ್ಕೆಯಾಗಲಿ. ಎಂಜಿನ್ ಚುರುಕು, ಸಾಮಾನು ಸುಲಭಕ್ಕೆ ಸಿಗುತ್ತದೆ, ಆದರೆ ನೆಲಕ್ಕೆ ತಗ್ಗು, ಹಳ್ಳಿ ರಸ್ತೆಯ ಹಂಪಿನಲ್ಲಿ ನಿಧಾನ ಬೇಕು. ರಸ್ತೆ ಕೆಟ್ಟ ಊರಿನವರಿಗೆ ಎತ್ತರದ ಎಸ್‌ಎಕ್ಸ್‌4 ಹೊಂದುತ್ತದೆ. ನೆಮ್ಮದಿ ಬೇಕೆನ್ನುವವರಿಗೆ ಇಟಿಯೋಸ್, 595 ಲೀಟರಿನ ಅದರ ಡಿಕ್ಕಿ ಈ ಸಾಲಿನಲ್ಲೇ ದೊಡ್ಡದು; ಟ್ಯಾಕ್ಸಿಯಾಗಿ ಓಡಿ ಆಮೇಲೆ ಬಿಳಿ ಪ್ಲೇಟ್ ಹಾಕಿಸಿಕೊಂಡದ್ದಲ್ಲ ಎಂದು ಖಚಿತ ಮಾಡಿಕೊಳ್ಳಿ. ಷೆವರ್ಲೆ 2017ರ ಕೊನೆಗೆ ಇಲ್ಲಿ ಮಾರಾಟ ನಿಲ್ಲಿಸಿತು, ಫೋರ್ಡ್ 2021ರಲ್ಲಿ ತಯಾರಿಕೆ ನಿಲ್ಲಿಸುವುದಾಗಿ ಘೋಷಿಸಿತು. ಫೋರ್ಡ್ ಫಿಯೆಸ್ಟಾ ಓಡಿಸಲು ಬಲು ಚಂದ ಎಂಬುದರಲ್ಲಿ ಎರಡು ಮಾತಿಲ್ಲ, ಆದರೆ ಒಂದು ಸಾಮಾನಿಗೆ ಮಂಗಳೂರಿಗೋ ಬೆಂಗಳೂರಿಗೋ ಕಾಯುವ ತಾಳ್ಮೆ ಇದ್ದವರಿಗೆ ಮಾತ್ರ. ವರ್ಷಕ್ಕೆ ಐದಾರು ಸಾವಿರ ಕಿಲೋಮೀಟರ್ ಓಡಿಸುವವರಿಗೆ ಡೀಸೆಲ್ ಬೇಡ. ಇಂಜೆಕ್ಟರ್, ಟರ್ಬೋ ಕೆಟ್ಟರೆ ಉಳಿಸಿದ ಇಂಧನದ ಹಣವೆಲ್ಲ ಒಂದೇ ಬಿಲ್ಲಿಗೆ ಹೋಗುತ್ತದೆ.

ಹಳೆಯ ಸೆಡಾನಿಗೆ ಹಾಕುವ ಹಣವನ್ನೇ ಮುಂಗಡ ಕಟ್ಟಿ ಹೊಸ ಸಣ್ಣ ಕಾರನ್ನು ಸಾಲದ ಮೇಲೆ ತರಬಹುದಲ್ಲ ಎಂಬುದು ಮನೆಮಂದಿಯ ಮುಖ್ಯ ಆಕ್ಷೇಪ. ದಿನವೂ ಕೆಲಸಕ್ಕೆ ಬೇಕಾಗುವ, ಮನೆಗಿರುವ ಒಂದೇ ವಾಹನವಾದರೆ ಆ ಮಾತು ಸರಿ, ಹೊಸದೇ ತನ್ನಿ. ಎರಡು ಏರ್‌ಬ್ಯಾಗ್, ಎಬಿಎಸ್ ಇಲ್ಲದ ತೀರಾ ಹಳೆಯ ಮಾದರಿಗಳಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೆದ್ದಾರಿಗೆ ಇಳಿಯುವುದನ್ನು ಯಾರೂ ಸಮರ್ಥಿಸಲಾರರು, ಆದ್ದರಿಂದ ಆ ಕಾಲದ ಮೇಲ್ದರ್ಜೆಯ ಆವೃತ್ತಿಯನ್ನೇ ಹುಡುಕಬೇಕು. ಎರಡನೆಯ ಆಕ್ಷೇಪ ಪೆಟ್ರೋಲಿನದು. ಈಗ ಬಂಕುಗಳಲ್ಲಿ ಸಿಗುವ ಇ-20 ಪೆಟ್ರೋಲಿನಲ್ಲಿ ಶೇ. 20 ಎಥೆನಾಲ್ ಇದೆ. ಹಳೆಯ ಕಾರಿನ ರಬ್ಬರ್ ಪೈಪು, ಸೀಲುಗಳು ಇದಕ್ಕಾಗಿ ಮಾಡಿದವಲ್ಲ, ಎಥೆನಾಲಿಗೆ ತೇವ ಹೀರುವ ಗುಣವೂ ಇದೆ. ನಮ್ಮ ಹವೆಯಲ್ಲಿ ಅರ್ಧ ತುಂಬಿದ ಟ್ಯಾಂಕು ತಿಂಗಳುಗಟ್ಟಲೆ ನಿಂತರೆ ಅಪಾಯ ಹೆಚ್ಚು. ಕೊಂಡ ಕೂಡಲೇ ಇಂಧನದ ರಬ್ಬರ್ ಪೈಪುಗಳನ್ನು ಬದಲಿಸಿ, ಕಾರು ನಿಲ್ಲಿಸುವಾಗ ಟ್ಯಾಂಕ್ ತುಂಬಿಸಿಟ್ಟರೆ ಈ ತೊಂದರೆ ಹತೋಟಿಯಲ್ಲಿರುತ್ತದೆ. ಮೈಲೇಜ್ ಒಂದಿಷ್ಟು ಇಳಿಯುವುದನ್ನು ಒಪ್ಪಿಕೊಳ್ಳಬೇಕು.

ಹದಿನೈದು ವರ್ಷದ ಗಡಿ ಇನ್ನೊಂದು ಖರ್ಚಿನ ಬಾಬು. ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. ದೆಹಲಿಯ ಸುತ್ತಲಿನ ನಿರ್ಬಂಧದ ಸುದ್ದಿ ಓದಿ ನಮ್ಮಲ್ಲೂ ಹದಿನೈದು ವರ್ಷಕ್ಕೆ ಕಾರು ಗುಜರಿಗೆ ಹಾಕಬೇಕು ಎಂದುಕೊಂಡವರಿದ್ದಾರೆ, ಅದು ನಿಜವಲ್ಲ. ನವೀಕರಣದ ಶುಲ್ಕ 2022ರ ಏಪ್ರಿಲ್‌ನಿಂದ ಕಾರಿಗೆ 600ರಿಂದ 5,000 ರೂಪಾಯಿಗೆ ಏರಿದೆ, ಇಪ್ಪತ್ತು ವರ್ಷ ದಾಟಿದ ಕಾರಿಗೆ 2025ರ ಆಗಸ್ಟ್‌ನ ಅಧಿಸೂಚನೆಯಂತೆ 10,000 ರೂಪಾಯಿ. ತಡವಾದರೆ ತಿಂಗಳಿಗೆ 500 ರೂಪಾಯಿ ದಂಡ. ಇದರ ಮೇಲೆ ರಾಜ್ಯದ ಹಸಿರು ತೆರಿಗೆ, ತಪಾಸಣೆಗೆ ಮುನ್ನ ಮಾಡಿಸಬೇಕಾದ ರಿಪೇರಿ. 2011ರ ಕಾರು ನೋಡುತ್ತಿದ್ದರೆ ನವೀಕರಣ ಆಗಿದೆಯೇ ಎಂಬುದು ಬೆಲೆಯ ಚೌಕಾಸಿಯಲ್ಲಿ ಮೊದಲ ಪ್ರಶ್ನೆಯಾಗಬೇಕು. ಗೋವಾದ ಅಗ್ಗದ ಕಾರಿಗೆ ಆಸೆಪಡುವವರು ಇನ್ನೂ ಒಂದು ಲೆಕ್ಕ ಹಾಕಬೇಕು. ಬೇರೆ ರಾಜ್ಯದ ಗಾಡಿಗೆ ಅಲ್ಲಿನ ಎನ್‌ಒಸಿ ತಂದು, ಇಲ್ಲಿ ವಯಸ್ಸಿಗೆ ತಕ್ಕ ಜೀವಾವಧಿ ತೆರಿಗೆ ಕಟ್ಟಿ, ಹೊಸ ನಂಬರ್ ಪಡೆಯಬೇಕಾಗುತ್ತದೆ. ಉಳಿತಾಯ ಅಲ್ಲೇ ಕರಗುತ್ತದೆ, ಕಾರಿನ ತಳ ಮಾತ್ರ ಇಲ್ಲಿನದರಷ್ಟೇ ಉಪ್ಪು ತಿಂದಿರುತ್ತದೆ.

ಕೈಯಲ್ಲಿ ಎರಡೂವರೆ ಲಕ್ಷ ಇದ್ದರೆ ಒಂದೂಮುಕ್ಕಾಲು ಲಕ್ಷದ ಕಾರು ನೋಡಿ, ಉಳಿದದ್ದನ್ನು ಮೊದಲ ವರ್ಷಕ್ಕೆ ಎತ್ತಿಡಿ. ಎಲ್ಲ ಎಣ್ಣೆಗಳು, ಟೈಮಿಂಗ್ ಬೆಲ್ಟ್ ಇರುವ ಎಂಜಿನಾದರೆ ಆ ಬೆಲ್ಟ್, ಬ್ರೇಕಿನ ಪೈಪು, ಟಯರ್, ಬ್ಯಾಟರಿ ಇಷ್ಟನ್ನೂ ಒಟ್ಟಿಗೆ ಮಾಡಿಸಿದರೆ ಆಮೇಲೆ ನಿಶ್ಚಿಂತೆಯಿಂದ ಓಡಿಸಬಹುದು. ಮೇ ತಿಂಗಳಲ್ಲಿ, ಮೊದಲ ಮಳೆಗೆ ಮುಂಚೆ, ತಳವನ್ನು ಸಿಹಿನೀರಿನಲ್ಲಿ ತೊಳೆಸಿ ಎರಡು ದಿನ ಬಿಸಿಲಿಗೆ ಪೂರ್ತಿ ಒಣಗಿಸಿ, ಬಾಗಿಲು ಮತ್ತು ತೊಲೆಗಳ ಒಳಗೆ ಮೇಣದ ಸ್ಪ್ರೇ ಹೊಡೆಸಿ, ನೀರು ಹೋಗುವ ಕಂಡಿಗಳನ್ನು ಕಡ್ಡಿಯಿಂದ ಬಿಡಿಸಿ. ತುಕ್ಕಿನ ಮೇಲೆಯೇ ಕೋಟಿಂಗ್ ಬಳಿಯುವುದು ಬೇಡ, ಅದು ತೇವವನ್ನು ಒಳಗೇ ಮುಚ್ಚಿಡುತ್ತದೆ. ಗೋಕರ್ಣ, ಮುರ್ಡೇಶ್ವರ, ಕಾಸರಕೋಡಿನ ತೀರದವರೆಗೆ ಹೋಗಿ ಬಂದ ಸಂಜೆ ತಳಕ್ಕೆ ಪೈಪಿನಿಂದ ನೀರು ಬಿಡುವ ರೂಢಿ ಇರಲಿ. ಪ್ಲಾಸ್ಟಿಕ್ ಟಾರ್ಪಾಲು ಹೊದಿಸುವ ಬದಲು ಗಾಳಿಯಾಡುವ ಮಾಡಿನಡಿ ನಿಲ್ಲಿಸಿ, ವಾರಕ್ಕೊಮ್ಮೆ ಎಂಜಿನ್, ಸೈಲೆನ್ಸರ್ ಎರಡೂ ಚೆನ್ನಾಗಿ ಬಿಸಿಯಾಗುವಷ್ಟು ದೂರ ಓಡಿಸಿ. ನಿಂತಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿಡುವುದರಿಂದ ಸೈಲೆನ್ಸರ್ ಒಳಗೆ ನೀರು ಕೂಡುತ್ತದೆಯೇ ಹೊರತು ಬೇರೆ ಪ್ರಯೋಜನವಿಲ್ಲ.

ಕಾಗದಪತ್ರದ ಕೆಲಸವನ್ನು ಏಜೆಂಟರ ಮೇಲೆ ಬಿಟ್ಟು ಮರೆಯುವ ಪರಿಪಾಠ ನಮ್ಮಲ್ಲಿ ವ್ಯಾಪಕ, ಅದರಿಂದಲೇ ಜಗಳಗಳು ಹುಟ್ಟುತ್ತವೆ. ಹಣದ ಮಾತಿಗೆ ಮುಂಚೆ ಎಂ-ಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿ ನೋಂದಣಿಯ ಅವಧಿ, ವಿಮೆ, ಬ್ಯಾಂಕ್ ಸಾಲದ ನಮೂದು ನೋಡಿ. ಸಾಲ ತೀರಿದ್ದರೂ ಫಾರಂ 35 ಕೊಟ್ಟು ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸದವರು ಬಹಳ ಮಂದಿ. ಚಾಸಿ ನಂಬರನ್ನು ಆರ್‌ಸಿಯ ಜೊತೆ ಅಂಕಿ ಅಂಕಿ ಹೋಲಿಸಿ, ತುಕ್ಕಿನಲ್ಲಿ ಅಳಿಸಿಹೋಗಿದ್ದರೆ ಮುಂದೆ ತಪಾಸಣೆಯಲ್ಲಿ ಪಜೀತಿ. ಮಾರುವವರ ಸಹಿ ಇರುವ ಫಾರಂ 29 ಮತ್ತು 30 ಎರಡನ್ನೂ ಹೊನ್ನಾವರದ ಸಾರಿಗೆ ಕಚೇರಿಗೆ ತಿಂಗಳೊಳಗೆ ಸಲ್ಲಿಸಿ, ವಿಮೆಯನ್ನು ಹದಿನಾಲ್ಕು ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ. ನೋ ಕ್ಲೇಮ್ ಬೋನಸ್ ಹಳೆಯ ಮಾಲೀಕರದ್ದು, ಅದು ಕಾರಿನ ಜೊತೆ ಬರುವುದಿಲ್ಲ. ಹೆಸರು ಬದಲಾಗದೆ ಅಪಘಾತವಾದರೆ ಆರ್‌ಸಿಯಲ್ಲಿ ಹೆಸರಿದ್ದವರೇ ಹೊಣೆ ಎಂದು ನವೀನ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಮಾರುವವರಿಗೆ ಇದನ್ನು ತಿಳಿಸಿದರೆ ಅವರೂ ನಿಮ್ಮ ಜೊತೆ ಕಚೇರಿಗೆ ಬರಲು ಹಿಂದೆಮುಂದೆ ನೋಡುವುದಿಲ್ಲ.